ಚಳಿಗಾಲದ ಆರ್ಕಿಡ್: ಕುಂಡದ ನೀರು ಬೇರೆ, ಗಾಳಿಯ ತೇವ ಬೇರೆ

ಚಳಿಗಾಲದಲ್ಲಿ ಮನೆಯೊಳಗಿನ ಆರ್ಕಿಡ್‌ನ ಎಲೆ ಸುಕ್ಕುಗಟ್ಟಿತೆಂದರೆ ಹೆಚ್ಚಿನವರ ಕೈ ನೇರವಾಗಿ ನೀರಿನ ಚೊಂಬಿಗೆ ಹೋಗುತ್ತದೆ. ನನ್ನದೂ ಹೋಗಿತ್ತು. ನಾನು ಮೊದಲು ಸಾಕಿದ ಆರ್ಕಿಡ್, ಫೆಲೆನಾಪ್ಸಿಸ್ ಜಾತಿಯದು, ಸತ್ತದ್ದು ಹಾಗೆಯೇ. ಎಲೆ ಬಾಡಿತೆಂದು ನೀರು ಹಾಕಿದೆ, ಇನ್ನೂ ಬಾಡಿತೆಂದು ಇನ್ನಷ್ಟು ಹಾಕಿದೆ. ಕೊನೆಗೊಂದು ದಿನ ಮೆಲ್ಲಗೆ ಎತ್ತಿದರೆ ಗಿಡವೊಂದೇ ಕೈಗೆ ಬಂತು, ಬೇರುಗಳೆಲ್ಲ ಕೊಳೆತು ಕುಂಡದಲ್ಲೇ ಉಳಿದಿದ್ದವು. ಕೊಳೆತ ಬೇರು ನೀರು ಹೀರಲಾರದು; ಕುಂಡದ ತುಂಬ ನೀರಿದ್ದೂ ಗಿಡ ಬಾಯಾರಿ ಸತ್ತಿತ್ತು. ಒಣಗಿದ್ದದ್ದು ಕೋಣೆಯ ಗಾಳಿ, ನಾನು ತೋಯಿಸಿದ್ದು ಬೇರನ್ನು.

ಆಮೇಲೆ ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಡಲು ಕಲಿತೆ. ಚಳಿಗಾಲದಲ್ಲಿ ಕುಂಡಕ್ಕೆ ಬೇಕಾದ ನೀರು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಏಕೆಂದರೆ ಬೆಳಕು ಕುಗ್ಗಿ ಬೆಳವಣಿಗೆ ನಿಧಾನವಾಗಿರುತ್ತದೆ. ಅದೇ ಹೊತ್ತಿಗೆ ಗಾಳಿಗೆ ಬೇಕಾದ ತೇವ ಹೆಚ್ಚುತ್ತದೆ. ಒಂದನ್ನು ಇಳಿಸಬೇಕು, ಇನ್ನೊಂದನ್ನು ಏರಿಸಬೇಕು. ಇನ್ನು ಮುಂದೆ ಹೇಳುವುದೆಲ್ಲ ಇದನ್ನು ಮಾಡುವ ಬಗೆ.

ಗಾಳಿ ಒಣಗುವುದು ಏಕೆ?

ತಣ್ಣನೆಯ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲದ್ದು 5 ಗ್ರಾಂಗಿಂತ ತುಸು ಕಡಿಮೆ. 20 ಡಿಗ್ರಿಯಲ್ಲಿ ಅದೇ ಗಾಳಿ ಸುಮಾರು 17 ಗ್ರಾಂ ಹಿಡಿಯುತ್ತದೆ. ಹೊರಗೆ ಮಂಜು ಕವಿದು ಗಾಳಿ ಪೂರ್ತಿ ತೇವವಾಗಿದೆ ಎಂದೇ ಇಟ್ಟುಕೊಳ್ಳಿ. ಆ ಗಾಳಿ ಬಾಗಿಲ ಸಂದಿಯಿಂದ ಒಳಬಂದು ಹೀಟರ್‌ನಿಂದ 20 ಡಿಗ್ರಿಗೆ ಕಾಯ್ದರೆ ಅದರ ಸಾಪೇಕ್ಷ ಆರ್ದ್ರತೆ (ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆಯೆಂಬ ಲೆಕ್ಕ) ಶೇ. 30ಕ್ಕಿಂತ ಕೆಳಗೆ ಇಳಿಯುತ್ತದೆ. ಮನೆಯಲ್ಲಿ ಬೆಳೆಸುವ ಹೆಚ್ಚಿನ ಆರ್ಕಿಡ್‌ಗಳು ಬಯಸುವುದು ಶೇ. 50ರಿಂದ 70. ಫೆಲೆನಾಪ್ಸಿಸ್ ಶೇ. 40ರಲ್ಲೂ ಹೊಂದಿಕೊಂಡು ಹೋಗುತ್ತದೆ, ಅದಕ್ಕೇ ಅದು ಇಷ್ಟೊಂದು ಮನೆಗಳಲ್ಲಿ ಉಳಿದಿದೆ.

ಹೀಟರ್ ಇಲ್ಲದ ತಂಪು ಮನೆಯ ಕಥೆ ಬೇರೆ. ಅಲ್ಲಿ ಗಾಳಿ ಇಷ್ಟು ಒಣಗುವುದಿಲ್ಲ, ಆದರೆ ಕುಂಡ ಒಣಗಲು ವಾರಗಳೇ ಹಿಡಿಯಬಹುದು. ಅಂಥ ಮನೆಯವರು ಆರ್ದ್ರತೆ ಹೆಚ್ಚಿಸುವ ಭಾಗವನ್ನು ಬಿಟ್ಟು, ನೀರು ಯಾವಾಗ ಹಾಕಬೇಕೆಂಬ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು.

ಮೊದಲ ಹೆಜ್ಜೆ: ಅಳೆಯಿರಿ

ಆರ್ದ್ರತೆ ಅಳೆಯುವ ಮಾಪಕ, ಅಂದರೆ ಹೈಗ್ರೋಮೀಟರ್ ಒಂದನ್ನು ತಂದು ಗಿಡದ ಎತ್ತರದಲ್ಲಿ, ಎಲೆಗಳ ನಡುವೆಯೇ ಇಡಿ. ಎದುರು ಗೋಡೆಯ ಮೇಲೆ ತೂಗುಹಾಕಿದರೆ ಅದು ಗೋಡೆಯ ಹವಾಮಾನ ಹೇಳುತ್ತದೆಯೇ ಹೊರತು ಗಿಡದ್ದಲ್ಲ. ಬೆಳಗ್ಗೆ, ಮಧ್ಯಾಹ್ನ, ಮಲಗುವ ಮುನ್ನ ಹೀಗೆ ಮೂರು ಹೊತ್ತು, ನಾಲ್ಕೈದು ದಿನ ಬರೆದಿಟ್ಟುಕೊಳ್ಳಿ. ಕೊಂಡ ಮಾಪಕವನ್ನು ಕಣ್ಣುಮುಚ್ಚಿ ನಂಬಬೇಡಿ. ಅಗ್ಗದವು ಹತ್ತು ಅಂಕದಷ್ಟು ತಪ್ಪು ತೋರಿಸುವುದುಂಟು.

ಪರೀಕ್ಷಿಸುವುದು ಸುಲಭ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಹಸಿ ಮರಳಿನಂತಾಗುವಷ್ಟು ಮಾತ್ರ ಹನಿ ನೀರು ಬೆರೆಸಿ. ಉಪ್ಪು ಕರಗಿಹೋಗಬಾರದು. ಆ ಮುಚ್ಚಳವನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಿಸಿಲು ಬೀಳದ ಕಡೆ ಒಂದು ರಾತ್ರಿ ಬಿಡಿ. ಚೀಲದೊಳಗಿನ ಆರ್ದ್ರತೆ ಶೇ. 75ಕ್ಕೆ ನಿಲ್ಲುತ್ತದೆ, ಉಪ್ಪಿನ ಸ್ವಭಾವವೇ ಅದು. ನಿಮ್ಮ ಮಾಪಕ 68 ತೋರಿಸಿದರೆ ಇನ್ನು ಮುಂದೆ ಪ್ರತಿ ಓದಿಗೂ 7 ಸೇರಿಸಿಕೊಳ್ಳಿ. ಆರ್ಕಿಡ್ ಸಾಕಣೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಪ್ರಯೋಗ ಇದು, ಹೂವಿಗಿಂತ ಒಂದು ತೂಕ ಕಡಿಮೆ ಅಷ್ಟೆ.

ಎರಡನೆಯ ಹೆಜ್ಜೆ: ನಿಮ್ಮ ನೀರು ಎಂಥದ್ದು?

ಆರ್ಕಿಡ್‌ಗಳಲ್ಲಿ ಬಹುಪಾಲು ಮರದ ಕೊಂಬೆಯ ಮೇಲೆ ಬೆಳೆಯುವಂಥವು. ಅಲ್ಲಿ ಅವುಗಳ ಬೇರಿಗೆ ಸಿಗುವುದು ಮಳೆನೀರು, ಮಂಜಿನ ಹನಿ; ಎರಡರಲ್ಲೂ ಲವಣ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಲ್ಲಿಯಲ್ಲಿ ಬರುವ ಗಡಸು ನೀರು ಅವಕ್ಕೆ ಒಗ್ಗುವುದಿಲ್ಲ. ಚಳಿಗಾಲದಲ್ಲಿ ತೊಂದರೆ ಇನ್ನೂ ಹೆಚ್ಚು. ಒಣ ಗಾಳಿಗೆ ಕುಂಡದ ನೀರು ಆವಿಯಾಗಿ ಹೋಗುತ್ತದೆ, ಲವಣ ಮಾತ್ರ ಕುಂಡದಲ್ಲಿ ಮಣ್ಣಿನ ಬದಲು ತುಂಬಿದ ತೊಗಟೆ ಚೂರುಗಳ ಮೇಲೆ ಉಳಿಯುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಹೊಪ್ಪಳಿಕೆ, ಎಲೆತುದಿಯಲ್ಲಿ ಕಂದು, ಬೇರುತುದಿ ಸುಟ್ಟಂತೆ ಕಪ್ಪು ಕಂಡರೆ ಅದು ಲವಣದ್ದೇ ಕೆಲಸವಿರಬಹುದು.

ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ನೀರಿಗೆ ಅದ್ದಿ ನೋಡಿ. 100 ಪಿಪಿಎಂ (ಹತ್ತು ಲಕ್ಷ ಪಾಲಿಗೆ ನೂರು ಪಾಲು) ಒಳಗಿದ್ದರೆ ಚಿಂತೆಯಿಲ್ಲ. 200ರವರೆಗೆ ಹೆಚ್ಚಿನ ಗಿಡಗಳು ತಾಳಿಕೊಳ್ಳುತ್ತವೆ. 300 ದಾಟಿದರೆ ಶುದ್ಧ ನೀರು ಬೆರೆಸಿಯೇ ಹಾಕುವುದು ಲೇಸು. ಲೆಕ್ಕ ಸರಳ: 400 ಪಿಪಿಎಂ ಇರುವ ನಲ್ಲಿ ನೀರು ಒಂದು ಪಾಲು, ಮಳೆನೀರು ಅಥವಾ ಆರ್‌ಒ ನೀರು ಮೂರು ಪಾಲು ಬೆರೆಸಿದರೆ ಸುಮಾರು 100ಕ್ಕೆ ಇಳಿಯುತ್ತದೆ. ಒಂದು ಎಚ್ಚರಿಕೆ: ಈ ಮೀಟರ್ ಎಷ್ಟು ಲವಣವಿದೆ ಎಂದು ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. 200 ಪಿಪಿಎಂ ಸುಣ್ಣದ ಅಂಶವೂ 200 ಪಿಪಿಎಂ ಸೋಡಿಯಂ ಕೂಡ ಅದರ ಕಣ್ಣಿಗೆ ಒಂದೇ, ಗಿಡಕ್ಕೆ ಒಂದೇ ಅಲ್ಲ.

ಇದರಿಂದಲೇ ಮನೆಗೆ ಉಪ್ಪು ಬಳಸುವ ವಾಟರ್ ಸಾಫ್ಟನರ್ ಹಾಕಿಸಿಕೊಂಡವರು ಎಡವುವುದು. ನೀರು ಮೆದುವಾಗಿದೆ, ಗಿಡಕ್ಕೆ ಒಳ್ಳೆಯದೆಂದು ತಿಳಿಯುತ್ತಾರೆ. ಆ ಯಂತ್ರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯಲು ಅದು ಚೆನ್ನ, ಆರ್ಕಿಡ್‌ಗೆ ಗಡಸು ನೀರಿಗಿಂತಲೂ ಕೆಟ್ಟದ್ದು. ಯಂತ್ರಕ್ಕೆ ಹೋಗುವ ಮುಂಚಿನ ನಲ್ಲಿಯಿಂದ ನೀರು ಹಿಡಿಯಿರಿ.

ಮಳೆನೀರು ಹಿಡಿದಿಡುವವರು ಒಣಹವೆಯ ನಂತರದ ಮೊದಲ ಮಳೆಯನ್ನು ಹರಿಯಬಿಡಬೇಕು. ಮಾಡಿನ ಧೂಳು, ಹಕ್ಕಿಯ ಹಿಕ್ಕೆಯೆಲ್ಲ ಅದರಲ್ಲೇ ಬರುತ್ತದೆ. ತಾಮ್ರದ ಅಥವಾ ಸತುವಿನ ಲೇಪವಿರುವ ಮಾಡಿನ ನೀರು ಬೇಡ. ಆರ್‌ಒ ಮತ್ತು ಬಟ್ಟಿ ಇಳಿಸಿದ ನೀರಿನಲ್ಲಿ ಲವಣವೇ ಇಲ್ಲದಂತಾಗುವುದರಿಂದ, ಅದನ್ನೇ ತಿಂಗಳುಗಟ್ಟಲೆ ಹಾಕುವವರು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಗೊಬ್ಬರವನ್ನು ತೆಳುವಾಗಿ ಬೆರೆಸಬೇಕು ಅಥವಾ ತುಸು ನಲ್ಲಿ ನೀರು ಸೇರಿಸಬೇಕು. ಇವು ಯಾವುವೂ ಸಿಗದಿದ್ದರೆ ಗಡಸು ನೀರನ್ನು ಕುದಿಸಿ ಆರಿಸಿ. ಬೈಕಾರ್ಬೊನೇಟ್ ರೂಪದಲ್ಲಿರುವ ಗಡಸುತನ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಸೋಡಿಯಂ ಈ ಉಪಾಯಕ್ಕೆ ಜಗ್ಗುವುದಿಲ್ಲ.

ಇನ್ನು ಕ್ಲೋರಿನ್. ರಾತ್ರಿ ತೆರೆದ ಬಕೆಟ್‌ನಲ್ಲಿಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ, ಕೆಲವೆಡೆ ಅದರ ಬದಲು ಬೆರೆಸುವ ಕ್ಲೋರಮೈನ್ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿರುವ ಪ್ರಮಾಣದಲ್ಲಿ ಇವು ಆರ್ಕಿಡ್ ಕೊಂದದ್ದನ್ನು ನಾನು ಕಂಡಿಲ್ಲ. ಆದರೂ ರಾತ್ರಿ ನೀರು ಹಿಡಿದಿಡುವ ಅಭ್ಯಾಸ ಇಟ್ಟುಕೊಳ್ಳಿ, ಅದಕ್ಕೆ ಬೇರೆಯೇ ಕಾರಣವಿದೆ.

ಆ ಕಾರಣ ಚಳಿ. ಚಳಿಗಾಲದ ನಲ್ಲಿ ನೀರು ಕೈ ಕೊರೆಯುವಂತಿರುತ್ತದೆ. ಫೆಲೆನಾಪ್ಸಿಸ್‌ನ ಎಳೆ ಎಲೆಯ ಮೇಲೆ ಅಂಥ ನೀರು ಬಿದ್ದರೆ ಒಳಗಿನ ಜೀವಕೋಶಗಳು ಕುಸಿದು, ಕೆಲವು ದಿನಗಳ ಬಳಿಕ ತಗ್ಗು ಬಿದ್ದ ಹಳದಿ, ಕಂದು ಕಲೆಗಳು ಕಾಣಿಸುತ್ತವೆ. ನೋಡಿದವರು ರೋಗವೆಂದು ಔಷಧಿ ಹೊಡೆಯುತ್ತಾರೆ. ಕೋಣೆಯಲ್ಲಿ ರಾತ್ರಿ ಕಳೆದ ನೀರು ಕೋಣೆಯಷ್ಟೇ ಬೆಚ್ಚಗಾಗುತ್ತದೆ, ಅಷ್ಟು ಸಾಕು.

ಮಂಜುಗಡ್ಡೆ ಇಟ್ಟು ನೀರುಣಿಸುವ ಪದ್ಧತಿಯ ಬಗ್ಗೆ ಇಲ್ಲಿ ಒಂದು ಮಾತು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆದರೆ ಅಮೆರಿಕದ ಓಹಾಯೋ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಗಟೆ ಚೂರಿನಲ್ಲಿ ಬೆಳೆದ ಫೆಲೆನಾಪ್ಸಿಸ್‌ಗೆ ವಾರಕ್ಕೆ ಮೂರು ಮಂಜುಗಡ್ಡೆ ಇಟ್ಟಾಗ ಹೂವಿನ ಬಾಳಿಕೆ ಕಡಿಮೆಯಾಗಲಿಲ್ಲ. ಒಪ್ಪಿಕೊಂಡೆ. ಆದರೂ ನಾನು ಮಂಜುಗಡ್ಡೆ ಇಡುವುದಿಲ್ಲ. ಹನಿಹನಿಯಾಗಿ ಕರಗುವ ನೀರು ಕುಂಡದ ಲವಣವನ್ನು ತೊಳೆದು ಹೊರಹಾಕುವುದಿಲ್ಲ, ಮತ್ತು ಆ ಫಲಿತಾಂಶ ಬೇರೆ ಜಾತಿಯ ಆರ್ಕಿಡ್‌ಗಳಿಗೆ ಹೊಂದುತ್ತದೆಂದು ಭಾವಿಸಲು ಆಧಾರವಿಲ್ಲ.

ಮೂರನೆಯ ಹೆಜ್ಜೆ: ಯಾವಾಗ ನೀರು ಹಾಕಬೇಕು?

ಪ್ರತಿ ಭಾನುವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಚಳಿಗಾಲದಲ್ಲಿ ಕೆಟ್ಟಿರಿ. ಒಂದೇ ಕಿಟಕಿಯ ಎರಡು ಗಿಡಗಳಲ್ಲಿ ಒಂದು ಆರು ದಿನಕ್ಕೆ ಒಣಗಬಹುದು, ಇನ್ನೊಂದು ಹದಿನಾಲ್ಕು ದಿನಕ್ಕೂ ಒಣಗದಿರಬಹುದು. ಗಿಡವನ್ನೇ ಕೇಳಿ.

ಅತ್ಯುತ್ತಮ ಸಾಧನ ನಿಮ್ಮ ಕೈ. ನೀರು ಹಾಕಿ ಬಸಿದ ಕೂಡಲೇ ಕುಂಡವನ್ನೊಮ್ಮೆ ಎತ್ತಿ ತೂಕ ನೆನಪಿಟ್ಟುಕೊಳ್ಳಿ. ಪೂರ್ತಿ ಒಣಗಿದಾಗ ಮತ್ತೆ ಎತ್ತಿ. ಎರಡು ಮೂರು ಸುತ್ತು ಆಗುವಷ್ಟರಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಪಾರದರ್ಶಕ ಕುಂಡವಿದ್ದರೆ ಬೇರಿನ ಬಣ್ಣವನ್ನೂ ನೋಡಿ. ಆರ್ಕಿಡ್ ಬೇರಿನ ಸುತ್ತ ವೆಲಮೆನ್ ಎಂಬ ಸ್ಪಂಜಿನಂಥ ಸತ್ತ ಕೋಶಗಳ ಹೊದಿಕೆ ಇರುತ್ತದೆ. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೆಳ್ಳಿಬಣ್ಣ ಕಾಣುತ್ತದೆ. ನೀರು ಹೀರಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ಇಣುಕುತ್ತದೆ. ಹಸಿರಾಗಿದ್ದರೆ ಕಾಯಿರಿ, ಬೆಳ್ಳಿಯಾಗಿದ್ದರೆ ನೀರು ಹಾಕಿ. ಗಾಳಿಯಲ್ಲಿ ತೂಗುವ ಬೇರನ್ನು ನೋಡಿ ತೀರ್ಮಾನಿಸಬೇಡಿ, ಅದು ಯಾವಾಗಲೂ ಬೆಳ್ಳಗೆ; ಕುಂಡದೊಳಗಿನದ್ದನ್ನೇ ನೋಡಬೇಕು. ಪ್ಯಾಫಿಯೋಪೆಡಿಲಮ್ ಎಂಬ ಆರ್ಕಿಡ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಬೇರು ಹುಟ್ಟಾ ಕಂದು.

ಕುಂಡ ಅಪಾರದರ್ಶಕವಾಗಿದ್ದರೆ ಚೂಪಾದ ಬಿದಿರುಕಡ್ಡಿಯೊಂದನ್ನು ನಡುಭಾಗದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗೆ ಒದ್ದೆಯಾಗಿ ಬಂದರೆ ಇನ್ನೂ ನೀರಿದೆ. ಹೂಬಿಟ್ಟ ಸ್ಥಿತಿಯಲ್ಲಿ ಮಾರುವ ಗಿಡಗಳಲ್ಲಿ ಹೊರಗೆ ತೊಗಟೆ ಚೂರು ಕಂಡರೂ ಬುಡದ ನಡುವೆ ಗಿಡಿದ ಸ್ಫ್ಯಾಗ್ನಮ್ ಪಾಚಿಯ ಉಂಡೆ ಅಡಗಿರುವುದುಂಟು. ಮೇಲೆ ಬೂದಿಯಂತೆ ಒಣಗಿ ಒಳಗೆ ವಾರಗಟ್ಟಲೆ ಒದ್ದೆಯಾಗಿರುವ ಈ ಉಂಡೆ ಚಳಿಗಾಲದಲ್ಲಿ ಬೇರಿನ ಮೊದಲ ಶತ್ರು.

ನಾಲ್ಕನೆಯ ಹೆಜ್ಜೆ: ಹಾಕುವ ರೀತಿ

ಬೆಳಗ್ಗೆ ಹಾಕಿ. ಗುಟುಕು ಗುಟುಕಾಗಿ ಬೇಡ. ತಳದ ತೂತುಗಳಿಂದ ಧಾರಾಳವಾಗಿ ಹರಿಯುವಷ್ಟು ಸುರಿದು, ಪೂರ್ತಿ ಬಸಿಯಲು ಬಿಡಿ. ತೊಗಟೆ ತೀರಾ ಒಣಗಿದ್ದರೆ ನೀರು ಹೀರದೆ ಜಾರಿಹೋಗುತ್ತದೆ. ಆಗ ಕುಂಡವನ್ನು ಹತ್ತು ಹದಿನೈದು ನಿಮಿಷ ಬಕೆಟ್ ನೀರಿನಲ್ಲಿ ನಿಲ್ಲಿಸಿ. ಹಲವು ಗಿಡಗಳನ್ನು ಒಂದೇ ನೀರಿನಲ್ಲಿ ಅದ್ದಬೇಡಿ, ಒಂದರ ರೋಗ ಎಲ್ಲಕ್ಕೂ ಹಂಚಿಹೋಗುತ್ತದೆ. ಅಲಂಕಾರದ ಹೊರಕುಂಡದಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ಫೆಲೆನಾಪ್ಸಿಸ್‌ನ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಕಾಗದದ ತುದಿಯಿಂದ ಹೀರಿಸಿ ತೆಗೆಯಿರಿ. ತಂಪು ರಾತ್ರಿಯಲ್ಲಿ ಅಲ್ಲಿ ಉಳಿದ ಒಂದು ಚಮಚ ನೀರಿಗೆ ಸುಳಿ ಕೊಳೆತರೆ ಗಿಡ ಸಾಮಾನ್ಯವಾಗಿ ಉಳಿಯುವುದಿಲ್ಲ.

ಗೊಬ್ಬರ ಹಾಕುವುದಿದ್ದರೆ ಡಬ್ಬಿಯಲ್ಲಿ ಹೇಳಿದ್ದರ ಕಾಲು ಭಾಗ, ಅದೂ ಎರಡು ಮೂರು ನೀರಿಗೊಮ್ಮೆ. ತಿಂಗಳಿಗೊಮ್ಮೆ ಗೊಬ್ಬರವಿಲ್ಲದ ಶುದ್ಧ ನೀರನ್ನು ಕುಂಡದ ಎರಡು ಮೂರು ಪಟ್ಟು ಸುರಿದು ಲವಣ ತೊಳೆಯಿರಿ.

ಐದನೆಯ ಹೆಜ್ಜೆ: ಗಾಳಿಗೆ ತೇವ

ಸ್ಪ್ರೇ ಬಾಟಲಿಯನ್ನು ಮೊದಲು ಬದಿಗಿಡಿ. ಎಲೆಗೆ ನೀರು ಚಿಮುಕಿಸಿದರೆ ಮಾಪಕ ಒಮ್ಮೆ ಜಿಗಿಯುತ್ತದೆ, ಹನಿ ಒಣಗುತ್ತಲೇ ಹಿಂದಿನ ಜಾಗಕ್ಕೇ ಬಂದು ಕೂರುತ್ತದೆ. ಚಿಮುಕಿಸಿದವರಿಗೆ ಆಗುವ ಸಮಾಧಾನವೇ ಇದರ ದೊಡ್ಡ ಲಾಭ. ಸಂಜೆ ಚಿಮುಕಿಸಿದರಂತೂ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ಬೂಸು ಹಿಡಿಯಲು ದಾರಿ.

ಬೆಣಚುಕಲ್ಲು ಹಾಸಿ ನೀರು ತುಂಬಿದ ತಟ್ಟೆಯ ಮೇಲೆ ಕುಂಡ ಇಡುವುದು ಅದಕ್ಕಿಂತ ಮೇಲು, ಆದರೆ ಹೆಸರಿನಷ್ಟು ಫಲವಿಲ್ಲ. ತಟ್ಟೆಯ ಮೇಲಿನ ಒಂದು ಗೇಣು ದಾಟಿದರೆ ಮಾಪಕ ಅಲುಗಾಡುವುದಿಲ್ಲ. ಕುಂಡದ ತಳ ನೀರಿಗೆ ತಾಗದಂತೆ ನೋಡಿಕೊಂಡರೆ ಹಾನಿಯೇನಿಲ್ಲ. ಗಿಡಗಳನ್ನು ಒಟ್ಟಿಗೆ ಗುಂಪುಗೂಡಿಸುವುದು ಖರ್ಚಿಲ್ಲದ ಉಪಾಯ: ಎಲೆಗಳು ಬಿಡುವ ನೀರಾವಿ, ಒದ್ದೆ ಕುಂಡಗಳ ತೇವ ಎಲ್ಲ ಸೇರಿ ನಡುವಿನ ಗಾಳಿ ಸುತ್ತಲಿಗಿಂತ ತುಸು ಹಸಿಯಾಗಿರುತ್ತದೆ.

ನಿಜಕ್ಕೂ ಅಂಕಿ ಏರಿಸುವುದು ಎರಡೇ. ಮೊದಲನೆಯದು ಜಾಗ ಚಿಕ್ಕದು ಮಾಡುವುದು. ಗಾಜಿನ ಬೀರು ಅಥವಾ ಹಳೆಯ ಮೀನಿನ ತೊಟ್ಟಿಯಲ್ಲಿ ಪುಟಾಣಿ ಗಿಡಗಳನ್ನಿಟ್ಟರೆ ತಟ್ಟೆ ನೀರಿಗೇ ಶೇ. 70 ಬಂದುಬಿಡಬಹುದು, ಒಳಗೆ ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದು ತಿರುಗುತ್ತಿರಲಿ. ಎರಡನೆಯದು ಹ್ಯೂಮಿಡಿಫೈಯರ್, ಗಾಳಿಗೆ ತೇವ ಬಿಡುವ ಯಂತ್ರ. ಇದರಲ್ಲಿ ಅಲ್ಟ್ರಾಸಾನಿಕ್ ಬಗೆಯದು ನೀರನ್ನು ಲವಣಸಮೇತ ಹೊಗೆಯಂತೆ ಹಾರಿಸುತ್ತದೆ. ಗಡಸು ನೀರು ಹಾಕಿದರೆ ಎಲೆ, ಮೇಜು, ಟಿವಿಯ ಪರದೆ ಎಲ್ಲದರ ಮೇಲೂ ಬಿಳಿ ಪುಡಿ ಕೂರುತ್ತದೆ. ಬಟ್ಟಿ ಇಳಿಸಿದ ನೀರೇ ಬೇಕು. ಒದ್ದೆ ಬತ್ತಿಯ ಮೂಲಕ ಫ್ಯಾನ್ ಗಾಳಿ ಹಾಯಿಸುವ ಬಗೆಯದಕ್ಕೆ ಈ ರಗಳೆಯಿಲ್ಲ, ಲವಣ ಬತ್ತಿಯಲ್ಲೇ ಉಳಿಯುತ್ತದೆ, ಆಗಾಗ ಬತ್ತಿ ಬದಲಿಸಬೇಕು ಅಷ್ಟೆ. ನನ್ನ ಆಯ್ಕೆ ಇದು. ಯಾವುದೇ ಆಗಲಿ, ತೊಟ್ಟಿಯ ನೀರನ್ನು ದಿನವೂ ಬದಲಿಸಿ, ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ಲೋಳೆಗಟ್ಟಿದ ತೊಟ್ಟಿಯ ಗಾಳಿಯನ್ನು ಉಸಿರಾಡುವುದು ನೀವು ಕೂಡ.

ರಾತ್ರಿ ಯಂತ್ರ ಆರಿಸಬೇಕೆ? ಹೀಟರ್ ರಾತ್ರಿಯೂ ನಡೆಯುವ ಕೋಣೆಯಲ್ಲಿ ಆರಿಸಬೇಡಿ. ಫೆಲೆನಾಪ್ಸಿಸ್, ಕ್ಯಾಟ್ಲಿಯದಂಥವು ಹಗಲು ಎಲೆಯ ರಂಧ್ರಗಳನ್ನು ಬಹುಪಾಲು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುವ ಗಿಡಗಳು. ನೀರು ಕಳೆದುಕೊಳ್ಳುವುದೂ ಆಗಲೇ. ರಾತ್ರಿ ಕೋಣೆ ತಣ್ಣಗಾಗುವುದಾದರೆ ಸಾಪೇಕ್ಷ ಆರ್ದ್ರತೆ ತಾನಾಗಿಯೇ ಏರುತ್ತದೆ, ಯಂತ್ರ ಬೇಕಾಗುವುದಿಲ್ಲ.

ಮೇಲ್ಮಿತಿಯನ್ನು ಕಿಟಕಿಯ ಗಾಜು ಹೇಳುತ್ತದೆ. ಬೆಳಗ್ಗೆ ಗಾಜಿನಲ್ಲಿ ನೀರು ಇಳಿಯುತ್ತಿದ್ದರೆ, ಗೋಡೆಯ ಮೂಲೆಯಲ್ಲಿ ಬೂಸು ಕಂಡರೆ ಮನೆಗೆ ಅಷ್ಟು ತೇವ ತಡೆಯದು. ಶೇ. 50 ಸಾಕು, ಅದರಲ್ಲಿ ಹೂವೂ ಬರುತ್ತದೆ. ತೇವ ಹೆಚ್ಚಿಸಿದಷ್ಟೂ ಗಾಳಿ ಆಡಬೇಕು: ಸಣ್ಣ ಫ್ಯಾನನ್ನು ಗೋಡೆಯತ್ತ ತಿರುಗಿಸಿಡಿ, ಎಲೆ ಕಂಡೂ ಕಾಣದಂತೆ ಅಲ್ಲಾಡಿದರೆ ಹದ ಸರಿ. ಹೀಟರಿನ ಬಿಸಿಗಾಳಿ ನೇರ ತಾಗುವಲ್ಲಿ ಗಿಡ ಇಟ್ಟು ಹ್ಯೂಮಿಡಿಫೈಯರ್ ಓಡಿಸುವುದು ತೂತು ಕೊಡದಲ್ಲಿ ನೀರು ಹೊತ್ತಂತೆ; ಮೊದಲು ಜಾಗ ಬದಲಿಸಿ. ಎಲೆ ತಣ್ಣನೆಯ ಗಾಜಿಗೂ ತಾಗದಿರಲಿ.

ಎಲ್ಲ ಗಿಡಕ್ಕೂ ಒಂದೇ ಲೆಕ್ಕವಲ್ಲ

ಫೆಲೆನಾಪ್ಸಿಸ್‌ಗೆ ವಿಶ್ರಾಂತಿಯ ಕಾಲವಿಲ್ಲ; ಪೂರ್ತಿ ಒಣಗುವ ತುಸು ಮೊದಲೇ ನೀರು ಕೊಡಿ. ಪ್ಯಾಫಿಯೋಪೆಡಿಲಮ್‌ಗೆ ನೀರು ಕೂಡಿಡುವ ಗಡ್ಡೆಯಿಲ್ಲ, ಸದಾ ಸಣ್ಣಗೆ ಪಸೆಯಿರಬೇಕು, ಲವಣವನ್ನು ಅದು ಸ್ವಲ್ಪವೂ ಸಹಿಸದು. ಕ್ಯಾಟ್ಲಿಯ ಒಂದು ನೀರಿಗೂ ಮತ್ತೊಂದಕ್ಕೂ ನಡುವೆ ಚೆನ್ನಾಗಿ ಒಣಗಲಿ. ಡೆಂಡ್ರೋಬಿಯಮ್ ನೊಬೈಲ್ ಗುಂಪಿನವಕ್ಕೆ ಚಳಿಗಾಲದಲ್ಲಿ ತಂಪು, ಒಳ್ಳೆಯ ಬೆಳಕು, ಗೊಬ್ಬರಕ್ಕೆ ಪೂರ್ಣ ರಜೆ, ಕಾಂಡ ತೀರಾ ಸೊರಗದಷ್ಟೇ ನೀರು. ಕನಿಕರದಿಂದ ನೀರುಣಿಸಿದರೆ ಹೂ ಬರುವ ಗಿಣ್ಣಿನಲ್ಲಿ ಮರಿಗಿಡ ಹುಟ್ಟುತ್ತದೆ. ಎಲೆಯುದುರಿ ಮಲಗಿದ ಕ್ಯಾಟಸೀಟಮ್‌ಗೆ ನೀರೇ ಬೇಡ; ಹೊಸ ಚಿಗುರಿನ ಬೇರು ಬೆರಳುದ್ದ ಇಳಿಯುವ ತನಕ ಕಾಯಿರಿ. ವ್ಯಾಂಡಾ ಬೇರುಗಳು ಬತ್ತಲೆ ತೂಗುವುದರಿಂದ ಒಣ ಮನೆಯಲ್ಲಿ ಅದನ್ನು ಸಾಕುವುದು ದಿನಾ ಮಗುವಿಗೆ ಸ್ನಾನ ಮಾಡಿಸಿದಂತೆ. ಪುರುಸೊತ್ತಿಲ್ಲದವರು ತರಬೇಡಿ.

ಗಿಡ ತೊಂದರೆ ಹೇಳುವ ಬಗೆ

ಎಲೆ ಸುಕ್ಕಾದರೆ ನೀರು ಹಾಕುವ ಮೊದಲು ಬೇರು ನೋಡಿ. ಬೇರು ಗಟ್ಟಿಯಾಗಿ ಬೆಳ್ಳಗಿದ್ದರೆ ನಿಜಕ್ಕೂ ಬಾಯಾರಿಕೆ, ನೀರು ಕೊಡಿ. ಒತ್ತಿದರೆ ಮೆತ್ತಗೆ ಸಿಪ್ಪೆ ಕಳಚಿ ಒಳಗೆ ದಾರದಂಥದ್ದು ಉಳಿದರೆ ಅದು ಕೊಳೆತ. ಸತ್ತದ್ದನ್ನು ಕತ್ತರಿಸಿ, ಹೊಸ ತೊಗಟೆಯಲ್ಲಿ ನೆಟ್ಟು, ಕುಂಡಕ್ಕೆ ನೀರು ಕಡಿಮೆ ಮಾಡಿ ಸುತ್ತಲಿನ ಆರ್ದ್ರತೆ ಏರಿಸಿ. ಹೊಸ ಬೇರು ಬರುವ ತನಕ ಎಲೆ ಬಾಳಬೇಕಾದದ್ದು ಗಾಳಿಯ ತೇವದಿಂದಲೇ. ಆನ್ಸಿಡಿಯಮ್ ಜಾತಿಯ ಹೊಸ ಎಲೆ ಬೀಸಣಿಗೆಯಂತೆ ಮಡಿಕೆ ಬಿದ್ದು ಹೊರಟರೆ ಅದು ಎಲೆ ಬೆಳೆಯುವ ಹೊತ್ತಿನಲ್ಲಿ ನೀರೋ ತೇವವೋ ಸಾಲದೆ ಹೋದದ್ದರ ಗುರುತು. ಬಿದ್ದ ಮಡಿಕೆ ಇನ್ನು ಬಿಚ್ಚಿಕೊಳ್ಳುವುದಿಲ್ಲ, ಮುಂದಿನ ಎಲೆಯಲ್ಲಿ ಸರಿಪಡಿಸಬೇಕು. ಎಲೆಯ ಅಡಿಯಲ್ಲಿ ನವಿರಾದ ಬಲೆ, ಬೂದು ಚುಕ್ಕೆ ಕಂಡರೆ ಒಣ ಗಾಳಿಯಲ್ಲಿ ಹೆಚ್ಚುವ ಜೇಡನುಸಿ. ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ, ನಾಲ್ಕು ದಿನ ಬಿಟ್ಟು ಮತ್ತೆ ಒರೆಸಿ. ಮೊಗ್ಗು ಅರಳುವ ಮೊದಲೇ ಹಳದಿಯಾಗಿ ಉದುರಿದರೆ ಹೀಟರ್ ಗಾಳಿಯನ್ನೂ ಕಿಟಕಿಯ ಚಳಿಗಾಳಿಯನ್ನೂ ನೋಡಿ. ಜೊತೆಗೆ ಪಕ್ಕದಲ್ಲೇ ಮಾಗಿದ ಹಣ್ಣಿನ ಬುಟ್ಟಿ ಇದೆಯೇ ಎಂದೂ ನೋಡಿ, ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೂ ಮೊಗ್ಗು ಉದುರುತ್ತದೆ.

ಹಗಲು ಉದ್ದವಾಗುತ್ತ ಬಂದಂತೆ ಕುಂಡದೊಳಗೆ ಬೆಳ್ಳಗಿದ್ದ ಬೇರುಗಳ ತುದಿಯಲ್ಲಿ ಹೊಳೆಯುವ ಹಸಿರು ಅಥವಾ ಕೆಂಗಂದು ಮೊನೆ ಮೂಡುತ್ತದೆ. ಅಂದಿನಿಂದ ನೀರಿನ ನಡುವಿನ ಅಂತರವನ್ನು ಒಂದೊಂದೇ ದಿನ ಕಡಿಮೆ ಮಾಡುತ್ತ ಬನ್ನಿ. ಹ್ಯೂಮಿಡಿಫೈಯರ್ ಮಾತ್ರ ಹೀಟರ್ ಆರುವ ತನಕ ಇರಲಿ.